ಬಿಳಿ ಬಟ್ಟೆಯ ನಿಯಮ

ಕೂರಲು ಹೋಗಿ ನೆಲಕ್ಕೆ ಬಿದ್ದವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಬಿದ್ದ ಸದ್ದಿಗೆ ಮೂರು ಬೀದಿಯ ಕಾಗೆಗಳು ಒಟ್ಟಿಗೆ ಹಾರಿಹೋಗುವಂತೆ ಬಿದ್ದವನು ನಮ್ಮ ನಿಯಮಣ್ಣ ಒಬ್ಬನೇ.

ಅಂದು ಬೆಳಗ್ಗೆ ಸ್ನಾನ ಮುಗಿಸಿ, ಪೇಪರ್ ಬಿಡಿಸಿಕೊಂಡು, ಹೆಡ್‌ಲೈನಿನಿಂದ ಕಣ್ಣು ಕೀಳದೆ ಮುಂಬಾಗಿಲು ದಾಟಿ ಹೊರಬಂದ. ಬಾಗಿಲ ಬಲಗಡೆ ಅವನ ಕುರ್ಚಿ. ಅದನ್ನು ತಿರುಗಿ ನೋಡಿ ಕೂರುವ ಅಭ್ಯಾಸ ಮದುವೆಯಾದ ಮೊದಲ ತಿಂಗಳಲ್ಲೇ ತಪ್ಪಿಹೋಗಿತ್ತು. ಸೊಂಟ ಬಗ್ಗಿಸಿದ, ಕೂತ. ಕುರ್ಚಿ ಇರಲಿಲ್ಲ.

"ಏನಣ್ಣಾ, ನೆಲ ಗಟ್ಟಿ ಇದೆಯಾ ಅಂತ ನೋಡ್ತಿದ್ದೀರಾ?" ಎಂದು ಎದುರು ಮನೆಯ ದರ್ಜಿ ಹೊಲಿಗೆ ಯಂತ್ರದ ಹಿಂದಿನಿಂದ ಕೇಳಿದ.

ಬೀದಿಯ ಕೊನೆಯಲ್ಲಿ ಒಂದು ಸೀಟಿ ಊದಿದ ಸದ್ದು ಕೇಳಿಸಿತು. ನಿಯಮಣ್ಣ ಪೇಪರ್ ಅಲ್ಲೇ ಬಿಟ್ಟು ದಡಬಡಿಸಿ ಎದ್ದ. ಅಂದು ಗಾಡಿಯ ದಿನ.

ಗಾಡಿಯ ದಿನ ಎಂದರೇನೆಂದು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಆ ಕಾಲದಲ್ಲಿ ನಮ್ಮ ಬೀದಿಯ ತುದಿಯಲ್ಲಿ ಮುಚ್ಚಿಹೋದ ಬಿಸ್ಕತ್ತು ಕಾರ್ಖಾನೆಯ ಉಗ್ರಾಣವೊಂದಿತ್ತು. ಗೋಡೆಗೆ ಮೂಗು ಹಚ್ಚಿದರೆ ಇನ್ನೂ ಬೆಣ್ಣೆಯ ವಾಸನೆ. ಬೀದಿಯವರೆಲ್ಲ ಸೇರಿ ಅದನ್ನು ಗುಡಿಸಿ, ಸುಣ್ಣ ಬಳಿದು, 'ಕೊಡುಗೆ ಮನೆ' ಎಂದು ಹೆಸರಿಟ್ಟರು. ಮೊದಲ ದಿನ ಬಂದದ್ದು ಒಂದೇ ಒಂದು ಕಂಬಳಿ. ಅದನ್ನು ಕೊಟ್ಟ ಗುತ್ತಿಗೆದಾರ ಮೈಕ್ ತರಿಸಿ, ತಾನು ಕೊಟ್ಟದ್ದನ್ನು ಊರಿಗೆಲ್ಲ ಸಾರಿಸಿದ. ಕಂಬಳಿ ಪಡೆದ ಮುದುಕ ನಾಚಿಕೆಯಿಂದ ಆ ಚಳಿಗಾಲವಿಡೀ ಅದನ್ನು ಹೊದೆಯಲೇ ಇಲ್ಲ.

ಅವತ್ತು ಸಿಟ್ಟಿನಿಂದ ಎದ್ದು ನಿಂತವನೇ ನಿಯಮಣ್ಣ. ಅಚ್ಚುಕೂಟದಲ್ಲಿ ಜೀವಮಾನವಿಡೀ ಬೇರೆಯವರ ತಪ್ಪು ತಿದ್ದಿದವನು. ಕಾಮಾ ಕಂಡರೆ ಬೆನ್ನು ನೇರ ಮಾಡುತ್ತಿದ್ದ, ಪೂರ್ಣವಿರಾಮ ಕಂಡರೆ ಉಸಿರು ಹಿಡಿಯುತ್ತಿದ್ದ. ಒಂದೇ ಸಲಕ್ಕೆ ಕೂತು ಕೊಡುಗೆ ಮನೆಗೆ ನಿಯಮ ಬರೆದುಹಾಕಿದ. ಕೊಡುವವರು ವಸ್ತುವನ್ನು ಮನೆ ಮುಂದಿಟ್ಟು ಅದರ ಮೇಲೊಂದು ಬಿಳಿ ಬಟ್ಟೆ ಹಾಕಿದರೆ ಸಾಕು. ಗಾಡಿ ಬರುತ್ತದೆ, ಎತ್ತಿಕೊಂಡು ಹೋಗುತ್ತದೆ. ಯಾರು ಕೊಟ್ಟರೆಂದು ಗಾಡಿಯವರು ಹೇಳಕೂಡದು, ಯಾರಿಗೆ ಹೋಗಲಿ ಎಂದು ಕೊಟ್ಟವರು ಹೇಳಕೂಡದು, ಕೊಟ್ಟೆ ಎಂದು ಸ್ವಂತ ಮನೆಯವರ ಮುಂದೆಯೂ ಬಾಯಿ ಬಿಡಕೂಡದು. ಧನ್ಯವಾದ ಹೇಳುವುದಂತೂ ಇಲ್ಲವೇ ಇಲ್ಲ.

ಚಂದದ ನಿಯಮ. ಬೆಳಗಿನ ಹೊತ್ತು ಬೀದಿಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಬಿಳಿ ಬಟ್ಟೆ ಗಾಳಿಗೆ ಅಲುಗುತ್ತಿದ್ದುದನ್ನು ನೆನೆದರೆ ಈಗಲೂ ಕಣ್ಣು ಅಲ್ಲೇ ನಿಲ್ಲುತ್ತದೆ. ಯಾರ ಮುಖವೂ ಕಾಣದೆ ಎಲ್ಲರೂ ಕೊಡುತ್ತಿದ್ದ ಕಾಲ ಅದು.

ಚಂದವಲ್ಲದ್ದು ಕೊನೆಯ ನಿಯಮ. ಕೊಟ್ಟ ವಸ್ತು ಕೊಟ್ಟವನ ಮನೆಗೆ ಎಂದೂ ವಾಪಸು ಹೋಗಕೂಡದು. 'ತಪ್ಪಿ ಕೊಟ್ಟೆ' ಎಂಬ ಮಾತು ಸಲ್ಲದು. ಕೊಟ್ಟವನು ಬಂದು ಅತ್ತರೂ ಸಲ್ಲದು. 'ಅತ್ತರೂ' ಎನ್ನುವುದನ್ನು ನಿಯಮಣ್ಣ ಆಮೇಲೆ ನೆನಪಾಗಿ, ಬಹಳ ಖುಷಿಯಿಂದ ಸೇರಿಸಿದ್ದ.

ಈಗ ಕುರ್ಚಿಯ ವಿಷಯ. ಅದು ಅವನ ಮಾವನದು, ಮನೆಯೂ ಮಾವನದೇ. ಅಗಲವಾದ ಕೈಗಳ, ಬೆತ್ತ ಹೆಣೆದ ಕುರ್ಚಿ. ಅದರ ಕಿರುಗುಟ್ಟುವಿಕೆ ಕೇಳಿ ಪಕ್ಕದ ಮನೆಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಕುರ್ಚಿಯ ಬಲಗೈಯ ತುದಿಯಲ್ಲಿ ಎಳೆಯ ಹಲ್ಲಿನ ಗುರುತುಗಳು ಸಾಲಾಗಿ ಇದ್ದವು. ಅವನ ಹೆಂಡತಿ ಚಿಕ್ಕವಳಿದ್ದಾಗ, ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದು ಅಪ್ಪನ ಕುರ್ಚಿಯನ್ನು ಕಚ್ಚಿ ಹಿಡಿದಿದ್ದಳಂತೆ. ಅಪ್ಪ ಹೋದ ಮೇಲೆ ದಿನಾ ಸಂಜೆ ದೀಪ ಹಾಕುವ ಹೊತ್ತಿಗೆ ಅವಳು ಹೊರಗೆ ಬಂದು ಆ ಗುರುತಿನ ಮೇಲೆ ಒಮ್ಮೆ ಬೆರಳಾಡಿಸಿ ಒಳಗೆ ಹೋಗುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ.

ಗಂಡನಿಗೆ ಮಾತ್ರ ದಿನಾ ಮಾತು ಇತ್ತು. "ರೀ, ಒದ್ದೆ ಟವೆಲ್ ಕುರ್ಚಿ ಮೇಲೆ ಹಾಕ್ಬೇಡಿ ಅಂತ ಎಷ್ಟು ಸಲ ಹೇಳ್ಲಿ? ಗಾಡಿ ದಿನ ಎತ್ಕೊಂಡು ಹೋದ್ರೆ ಆಮೇಲೆ ನನ್ನ ಮುಖ ನೋಡ್ಬೇಡಿ."

ಅವಳು ನಸುಕಿಗೇ ಎದ್ದು ಅಕ್ಕನ ಮನೆಗೆ ಹೋಗಿದ್ದಳು. ಸಂಜೆಯ ಬಸ್ಸಿಗೆ ವಾಪಸು. ನಿಯಮಣ್ಣನ ಟವೆಲ್ ಬಿಳಿ. ಅದನ್ನು ಎಂದಿನಂತೆ ಎಂದಿನ ಜಾಗಕ್ಕೆ ಎಸೆದಿರಬೇಕು. ಇನ್ನು ಯೋಚಿಸಲು ಏನೂ ಉಳಿದಿರಲಿಲ್ಲ.

"ಕುರ್ಚಿ ಹೋಯ್ತಾ?" ದರ್ಜಿಯ ದನಿಯಲ್ಲಿ ಜೇನು ಸುರಿಯುತ್ತಿತ್ತು. "ಛೆ ಛೆ. ಹೋದ ವರ್ಷ ನನ್ನ ಸ್ಟೂಲ್ ಹೋಯ್ತಲ್ಲ, ಅಳತೆ ಬಟ್ಟೆ ಒಂದ್ ಗಳಿಗೆ ಅದರ ಮೇಲಿಟ್ಟಿದ್ದಕ್ಕೆ. ಆಗ ಯಾರೋ ಬಂದು ಹೇಳಿದ್ರು, ನಿಯಮ ಅಂದ್ಮೇಲೆ ನಿಯಮ ಅಂತ. ಯಾರಣ್ಣಾ ಅದು?"

"ನಿನ್ನ ಸ್ಟೂಲ್ ಬೇರೆ, ನಮ್ಮ ಮಾವನ ಕುರ್ಚಿ ಬೇರೆ ಕಣೋ."

"ಅದು ನಿಜ. ಸ್ಟೂಲಿಗೆ ಹೆಂಡತಿ ಇರಲಿಲ್ಲ."

ನಿಯಮಣ್ಣ ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಕೊಡುಗೆ ಮನೆಯ ಕಡೆ ಓಡಿದ. ಅವನು ಓಡಿದ್ದನ್ನು ಬೀದಿ ಅದುವರೆಗೆ ಕಂಡಿರಲಿಲ್ಲ. ಹಾಲಿನವನು ಸೈಕಲ್ ನಿಲ್ಲಿಸಿ ಇಳಿದು ನಿಂತ.

ಕೊಡುಗೆ ಮನೆಯ ಉಸ್ತುವಾರಿ ರಿಟೈರಾದ ನರ್ಸಮ್ಮನದು. ಒಮ್ಮೆ ಕಣ್ಣು ಬಿಟ್ಟು ನೋಡಿದರೆ ಥರ್ಮಾಮೀಟರಿನ ಪಾದರಸ ತಾನಾಗಿ ಕೆಳಗಿಳಿಯುತ್ತಿತ್ತು. ನಿಯಮಣ್ಣ ಬರೆದ ನಿಯಮಗಳೆಲ್ಲ ಅವಳಿಗೆ ಬಾಯಿಪಾಠ. ಕುರ್ಚಿ ಅವಳ ಪಕ್ಕದಲ್ಲೇ, ಹಳೆಯ ಬಕೆಟ್ಟು ಕೊಡೆಗಳ ನಡುವೆ, ಹೊಸ ಶಾಲೆಗೆ ಸೇರಿದ ಮಗುವಿನಂತೆ ಮುದುಡಿ ನಿಂತಿತ್ತು.

"ಏನ್ ಸಾರ್, ಇಷ್ಟು ಅವಸರ? ಈ ಕುರ್ಚಿ ನಿಮ್ಮದಾ?"

ಹೌದು ಎಂದು ನಾಲಿಗೆಯ ತುದಿಗೆ ಬಂತು. ಹೌದು ಎಂದರೆ ಅವನು ಕೊಟ್ಟವನಾಗುತ್ತಾನೆ. ಕೊಟ್ಟವನಾದರೆ ಕುರ್ಚಿ ಈ ಜನ್ಮದಲ್ಲಿ ಮನೆಗಿಲ್ಲ, ಅತ್ತರೂ ಇಲ್ಲ. ಅವನದೇ ವಾಕ್ಯ ಗೋಡೆಯ ಹಲಗೆಯ ಮೇಲಿನಿಂದ ಅವನನ್ನೇ ದುರುಗುಟ್ಟಿ ನೋಡುತ್ತಿತ್ತು. ಹೆಗಲ ಮೇಲಿನ ಬಟ್ಟೆಯಿಂದ ಹಣೆಯ ಬೆವರು ಒರೆಸಿಕೊಂಡ.

"ನನ್ನದಲ್ಲಮ್ಮ. ನನಗೆ ಬೇಕಾಗಿತ್ತು."

"ನಿಮಗೆ?"

"ಮನೇಲಿ ಕೂರೋಕೆ ಏನೂ ಇಲ್ಲ."

ನರ್ಸಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಆಗಲೇ ಮೂಲೆಯಿಂದ ಒಂದು ಕೆಮ್ಮು ಕೇಳಿಸಿತು. ಅಲ್ಲಿ ಗೋಡೆಗೆ ಒರಗಿ ನಮ್ಮ ಆಯಮ್ಮ ನಿಂತಿದ್ದಳು.

ಆಯಮ್ಮನನ್ನು ಗೊತ್ತಿಲ್ಲದವರು ನಮ್ಮ ಬೀದಿಯವರೇ ಅಲ್ಲ. ಬೀದಿಯ ಮಕ್ಕಳನ್ನೆಲ್ಲ ಶಾಲೆಗೆ ಕರೆದುಕೊಂಡು ಹೋಗಿದ್ದವಳು ಅವಳೇ. ಕಂಕುಳಲ್ಲಿ ಒಬ್ಬ, ಬೆನ್ನಿಗೊಬ್ಬ, ಸೆರಗಿಗೆ ಜೋತು ಬಿದ್ದವರು ಲೆಕ್ಕಕ್ಕಿಲ್ಲ. ದೂರದಿಂದ ನೋಡಿದವರಿಗೆ ಒಂದು ಹಲಸಿನ ಮರವೇ ಕಾಯಿ ಸಮೇತ ನಡೆದುಬರುತ್ತಿರುವಂತೆ ಕಾಣುತ್ತಿತ್ತು. ಅಷ್ಟು ಮಕ್ಕಳನ್ನು ಹೊತ್ತ ಮಂಡಿಗಳು ಈಗ ಅವಳೊಬ್ಬಳನ್ನೇ ಹೊರಲಾರದೆ ಹೋಗಿದ್ದವು.

"ಕೈ ಇರೋ ಕುರ್ಚಿ ಬಂದ್ರೆ ಹೇಳಿ ಅಂತ ಆಯಮ್ಮ ಕೇಳ್ತಾನೇ ಇದ್ರು," ಎಂದಳು ನರ್ಸಮ್ಮ. "ಕೂತ್ರೆ ಏಳೋಕೆ ಹಿಡಿತ ಬೇಕಂತೆ. ಇವತ್ತೇ ಬಂತು. ಈಗ ನೀವೂ ಕೇಳ್ತಿದ್ದೀರಿ. ನಿಯಮ ಏನಿದೆ? ಯಾರ ಮನೇಲಿ ಕೂರೋಕೆ ಏನೂ ಇಲ್ವೋ ಅವರಿಗೆ ಮೊದಲು. ಆಯಮ್ಮ, ನಿಮ್ಮನೇಲಿ ಏನಿದೆ?"

"ಒಂದು ಕಬ್ಬಿಣದ ಪೆಟ್ಟಿಗೆ ಇದೆ ತಾಯಿ. ಅದರ ಮೇಲೇ ಕೂರ್ತೀನಿ. ಕೂತ್ಮೇಲೆ ಯಾರಾದ್ರೂ ಬರೋವರೆಗೂ ಅಲ್ಲೇ ಇರ್ತೀನಿ."

"ನಿಮ್ಮನೇಲಿ ಸಾರ್?"

ನಿಯಮಣ್ಣನಿಗೆ ಮನೆಯ ಸೋಫಾ, ಎರಡು ಬೆಂಚು, ಮಂಚ, ಮೂರು ಸ್ಟೂಲು ಕಣ್ಮುಂದೆ ಸಾಲಾಗಿ ಬಂದು ನಿಂತವು. ಅವನ್ನೆಲ್ಲ ಹಿಂದಕ್ಕೆ ತಳ್ಳಿ ಹೆಂಡತಿಯ ಬೆರಳು ಬಂತು, ಸಂಜೆಯ ಹೊತ್ತಿನಲ್ಲಿ ಆ ಹಲ್ಲಿನ ಗುರುತನ್ನು ಹುಡುಕುತ್ತ.

"ಏನೂ ಇಲ್ಲ," ಎಂದ. ದನಿ ತನ್ನದೇ ಎಂದು ಅವನಿಗೇ ನಂಬಿಕೆ ಬರಲಿಲ್ಲ.

ಆಯಮ್ಮ ಗೋಡೆ ಹಿಡಿದುಕೊಂಡೇ ಕುರ್ಚಿಯ ಹತ್ತಿರ ಬಂದಳು. ಅದರ ಬಲಗೈಯ ಮೇಲೆ ಅಂಗೈ ಆಡಿಸಿದಳು. ಅಂಗೈ ತುದಿಗೆ ಬಂದು ನಿಂತಿತು. ಅಂದು ಆ ಹಟಮಾರಿ ಮಗುವಿನ ಬಾಯಿ ಬಿಡಿಸಿ ಶಾಲೆಗೆ ಹೊತ್ತುಕೊಂಡು ಹೋಗಿದ್ದವಳು ಇವಳೇ.

ಮುದುಕಿ ಅವನ ಮುಖವನ್ನೊಮ್ಮೆ ನೋಡಿದಳು. ಬೊಚ್ಚು ಬಾಯಲ್ಲಿ ಸಣ್ಣಗೆ ನಕ್ಕಳು.

"ಅಳಿಯಂದಿರಿಗೇ ಕೊಡಮ್ಮ," ಎಂದಳು. "ನನಗೇನು, ಪೆಟ್ಟಿಗೆ ಅಭ್ಯಾಸ ಆಗಿದೆ."

ನಿಯಮಣ್ಣನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು. ನೆಲ ನುಂಗಲಿಲ್ಲ, ನರ್ಸಮ್ಮ ನುಂಗುವಂತೆ ನೋಡಿದಳು. "ಮಧ್ಯಾಹ್ನ ಮನೆ ನೋಡೋಕೆ ಬರ್ತೀನಿ. ಒಂದು ಮಣೆ ಕಂಡ್ರೂ ಕುರ್ಚಿ ಆಯಮ್ಮನಿಗೆ."

ಮನೆಗೆ ಬಂದವನನ್ನು ದರ್ಜಿ ಬಾಗಿಲಲ್ಲೇ ಹಿಡಿದ. ವಿಷಯ ಅವನಿಗೆ ಆಗಲೇ ತಲುಪಿತ್ತು. ಆ ದಿನಗಳಲ್ಲಿ ನಮ್ಮ ಬೀದಿಯ ಸುದ್ದಿ ತಂತಿಗಿಂತ ಮುಂಚೆ ಓಡುತ್ತಿತ್ತು.

"ಖಾಲಿ ಮಾಡ್ಸಿ ಮನೇನ."

"ಎಲ್ಲಿಗೆ?"

"ನಮ್ಮನೆ ಮುಂದೆ ಇಟ್ರಾಯ್ತು. ನರ್ಸಮ್ಮ ಬರ್ತಾರೆ, ನೋಡ್ತಾರೆ, ಹೋಗ್ತಾರೆ. ಕುರ್ಚಿ ಒಳಗೆ ಬಂದ ಕೂಡ್ಲೇ ಸಾಮಾನೂ ಒಳಗೆ. ಅತ್ತಿಗೆ ಬಸ್ ಇಳಿಯೋ ಹೊತ್ತಿಗೆ ಎಲ್ಲಾ ಇದ್ದ ಹಾಗೇ."

ನಿಯಮಣ್ಣ ಹೂಂ ಎನ್ನುವ ಮೊದಲೇ ಬೀದಿ ಒಳಗೆ ನುಗ್ಗಿತು. ಸಹಾಯ ಮಾಡುವುದೆಂದರೆ ನಮ್ಮವರಿಗೆ ಹಾಗೆ. ಕರೆದವರ ಮನೆಗೂ ಹೋಗುತ್ತಿದ್ದರು, ಕರೆಯದವರ ಮನೆಗೆ ಇನ್ನೂ ಬೇಗ ಹೋಗುತ್ತಿದ್ದರು. ಸೋಫಾ ನಾಲ್ಕು ಹೆಗಲ ಮೇಲೆ ಹೊರಟಿತು. ಮಂಚ ಬಾಗಿಲಲ್ಲಿ ಸಿಕ್ಕಿಕೊಂಡು, ಒಳಗಿನವರು ಹೊರಕ್ಕೂ ಹೊರಗಿನವರು ಒಳಕ್ಕೂ ತಳ್ಳಿ, ಕೊನೆಗೆ ಬಾಗಿಲೇ ಸೋತು ದಾರಿ ಬಿಟ್ಟಿತು. ಬೆಂಚು, ಸ್ಟೂಲು, ಮಣೆ ಹೋದವು. ಉತ್ಸಾಹ ತಡೆಯಲಾರದ ಯಾರೋ ಬೀರುವನ್ನೂ ಹೊತ್ತರು.

"ಬೀರುವಿನ ಮೇಲೆ ಯಾರು ಕೂರ್ತಾರೋ?" ಎಂದು ನಿಯಮಣ್ಣ ಕೂಗಿದ.

"ಕೂರೋರು ಎಲ್ಲಿ ಬೇಕಾದ್ರೂ ಕೂರ್ತಾರೆ ಅಣ್ಣಾ. ನರ್ಸಮ್ಮನ ಕಣ್ಣು ಸಾಮಾನ್ಯದ್ದಲ್ಲ."

ನರ್ಸಮ್ಮ ಬಂದಾಗ ಮನೆಯಲ್ಲಿ ಉಳಿದಿದ್ದದ್ದು ಗೋಡೆ ಮತ್ತು ನಿಯಮಣ್ಣ. ಅವಳು ಒಂದು ಮಾತಾಡಿದರೆ ಮನೆ ನಾಲ್ಕು ಸಲ ತಿರುಗಿ ಹೇಳುತ್ತಿತ್ತು. ಕೋಣೆಯಿಂದ ಕೋಣೆಗೆ ನಡೆದಳು. ಅಡುಗೆಮನೆಯ ಕಟ್ಟೆ ನೋಡಿ, "ಇದರ ಮೇಲೆ ಕೂರ್ತೀರಾ?" ಎಂದಳು.

"ಎಟುಕಲ್ಲಮ್ಮ," ಎಂದ ನಿಯಮಣ್ಣ, ಹೆಗಲ ಬಟ್ಟೆಯ ತುದಿಯಿಂದ ಕಣ್ಣೊತ್ತಿಕೊಳ್ಳುತ್ತ. ಧೂಳು ಬಿದ್ದಿತ್ತು, ಅಳುವಂತೆ ಕಂಡಿತು.

ನರ್ಸಮ್ಮನಂಥ ನರ್ಸಮ್ಮ ಕರಗಿಹೋದಳು. "ಇಷ್ಟು ಕಷ್ಟ ಇಟ್ಕೊಂಡು ಊರಿಗೆಲ್ಲ ಕೊಡೋಕೆ ನಿಯಮ ಬರೆದ್ರಲ್ಲ ಸಾರ್ ನೀವು. ಒಂದು ಮಾತು ಹೇಳಲಿಲ್ಲ. ಈಗಲೇ ಕಳಿಸ್ತೀನಿ. ನೆನಪಿರಲಿ, ಪಡೆದದ್ದನ್ನ ವರ್ಷ ತುಂಬೋವರೆಗೂ ಇನ್ನೊಬ್ಬರಿಗೆ ಕೊಡೋ ಹಾಗಿಲ್ಲ."

"ಗೊತ್ತಮ್ಮ. ನಾನೇ ಬರೆದಿದ್ದು."

ಬಿಸಿಲು ಇಳಿಮುಖವಾಗುವ ಹೊತ್ತಿಗೆ ಸೀಟಿ ಊದುತ್ತ ಗಾಡಿ ಬಂತು. ತಳ್ಳುತ್ತಿದ್ದವನು ಹಳೆಯ ಬಸ್ ಕಂಡಕ್ಟರ್. ಕೆಲಸ ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ. ತಿರುವಿನಲ್ಲಿ ಒಂದು, ನಿಲ್ಲುವಾಗ ಒಂದು, ಹೊರಡುವಾಗ ಎರಡು. ಬೆಳಗ್ಗೆ ಅಲ್ಲಿಂದಲೇ ಎತ್ತಿದ್ದ ಕುರ್ಚಿಯನ್ನು, ನಿಯಮದಂತೆ ಬಾಯಿ ಬಿಡದೆ, ಇಳಿಸಿ ಹೊರಟ.

ನಿಯಮಣ್ಣ ಕುರ್ಚಿಯನ್ನು ತಬ್ಬಿಕೊಂಡು ಒಳಗೆ ಎಳೆದುಕೊಂಡ. ಹಲ್ಲಿನ ಗುರುತು ಒರೆಸಿದ. ಕೂತ. ಕುರ್ಚಿ ಕಿರುಗುಟ್ಟಿತು. ಮದುವೆಯ ಮಾರನೆಯ ದಿನ ಮಾವ ಇದೇ ಕುರ್ಚಿಯಿಂದೆದ್ದು, "ಕೂತು ನೋಡಿ, ಬೆನ್ನಿಗೆ ಹಿತವಾಗಿದೆ," ಎಂದು ಜಾಗ ಬಿಟ್ಟುಕೊಟ್ಟದ್ದು ನೆನಪಾಯಿತು. ಅದೇ ಕುರ್ಚಿಗಾಗಿ ಕೈ ಚಾಚಿ ಚಾಚದೆ ಗೋಡೆ ಹಿಡಿದು ನಿಂತಿದ್ದ ಆಯಮ್ಮನೂ ನೆನಪಾದಳು. ಕುರ್ಚಿ ಅಷ್ಟೊಂದು ಹಿತವೆನಿಸಲಿಲ್ಲ.

ಹೊರಗೆ ಎರಡು ಸೀಟಿ ಕೇಳಿಸಿತು. ಹೊರಡುವ ಸೀಟಿ. ಗಾಡಿ ಆಗಲೇ ಹೊರಟುಹೋಗಿರಬೇಕಿತ್ತಲ್ಲ?

ಓಡಿಬಂದು ನೋಡಿದರೆ, ಎದುರು ಮನೆಯ ಮುಂದಿನ ಜಾಗ ಬೋಳಿಸಿದ ತಲೆಯಂತೆ ಹೊಳೆಯುತ್ತಿತ್ತು. ಮಂಚವೊಂದೇ ಒಂಟಿಯಾಗಿ ನಿಂತಿತ್ತು. ಅದರ ಮೇಲೆ, ನಾಲ್ಕೂ ಮೂಲೆಗೆ ಅಚ್ಚುಕಟ್ಟಾಗಿ ಎಳೆದು ಹೊದೆಸಿದ, ಅಪ್ಪಟ ಬಿಳಿ ಬಟ್ಟೆ.

"ಧೂಳು ಬೀಳುತ್ತೆ ಅಂತ ಎಲ್ಲದಕ್ಕೂ ಹೊದೆಸಿದ್ದೆ ಅಣ್ಣಾ," ಎಂದ ದರ್ಜಿ. ಅವನ ಮುಖದಲ್ಲಿ ಮುಗ್ಧತೆ ತುಂಬಿ ಹೊರಗೆ ಚೆಲ್ಲುತ್ತಿತ್ತು. "ಲೈನಿಂಗ್ ಬಟ್ಟೆ ಬಿಳೀದು ಬಿಟ್ರೆ ಬೇರೆ ಇರಲಿಲ್ಲ. ಬೀದಿಯವರೆಲ್ಲ ಕೈ ಹಾಕಿ ಎತ್ತಿಕೊಟ್ರು. ಬೀರು ಒಳಗೆ ಏನಿತ್ತೋ, ಭಾರೀ ಭಾರ. ಮಂಚಕ್ಕೆ ಮತ್ತೆ ಬರ್ತಾನಂತೆ ಕಂಡಕ್ಟರ್."

"ನಿನ್ನ ಬಾಯಲ್ಲಿ ಏನು ಇತ್ತೋ? ಹೇಳೋಕೆ ಆಗ್ಲಿಲ್ವಾ?"

"'ತಪ್ಪಿ ಕೊಟ್ಟೆ' ಅನ್ನೋ ಮಾತು ಸಲ್ಲದು ಅಂತ ಇದೆಯಲ್ಲ ಅಣ್ಣಾ. ನನಗೆ ಸ್ಟೂಲ್ ಹೋದಾಗಿನಿಂದ ನಿಯಮ ಅಂದ್ರೆ ಬಹಳ ಭಕ್ತಿ."

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ನಿಯಮಣ್ಣನ ಹೆಂಡತಿ ಕಾಣಿಸಿಕೊಂಡಳು. ಬೀದಿ ದಾರಿ ಬಿಟ್ಟು, ಹತ್ತಿರ ಬಂದು, ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿತು. ಅವಳು ಒಳಗೆ ಹೋದಳು. ಗೋಡೆಯಿಂದ ಗೋಡೆಗೆ ನೋಡಿದಳು. ನಟ್ಟನಡುವೆ ಒಂಟಿ ಕುರ್ಚಿ. ಕೈಚೀಲ ಇಡಲು ಜಾಗ ಕಾಣದೆ ಕೈಯಲ್ಲೇ ಹಿಡಿದುಕೊಂಡಳು.

"ಸೋಫಾ ಹೋಯ್ತು," ಎಂದ ನಿಯಮಣ್ಣ ಅವಸರದಿಂದ. "ಬೀರೂ ಹೋಯ್ತು. ಆದ್ರೆ ನೋಡು, ನಿಮ್ಮಪ್ಪನ ಕುರ್ಚಿನ ಬಿಡಲಿಲ್ಲ. ಟವೆಲ್ ಹಾಕಿದ್ದು ನನ್ನದೇ ತಪ್ಪು, ಒಪ್ಕೋತೀನಿ. ಆದ್ರೆ ಹೋರಾಡಿ ತಂದೆ."

ಅವಳು ಬಹಳ ಹೊತ್ತು ಗಂಡನ ಹೆಗಲನ್ನೇ ನೋಡಿದಳು.

"ಯಾವ ಟವೆಲ್ಲು?"

"ನನ್ನ ಬಿಳಿ ಟವೆಲ್ಲು. ಬೆಳಗ್ಗೆ ಕುರ್ಚಿ ಮೇಲೆ..."

"ಹೆಗಲ ಮೇಲೆ ಇರೋದು ಏನು?"

ನಿಯಮಣ್ಣ ಹೆಗಲಿಗೆ ಕೈ ಹಾಕಿದ. ಬೆಳಗಿನಿಂದ ಬೆವರು, ಧೂಳು, ಕಣ್ಣೀರಿನಂಥದ್ದು ಎಲ್ಲವನ್ನೂ ಒರೆಸಿ ಒರೆಸಿ ಬಣ್ಣಗೆಟ್ಟಿದ್ದ ಟವೆಲ್ಲು ಅಲ್ಲೇ ಇತ್ತು. ಬೀದಿಯವರೆಲ್ಲ ಅದನ್ನು ದಿನವಿಡೀ ನೋಡಿದ್ದೆವು. ನಾವ್ಯಾರೂ ಗಮನಿಸಲಿಲ್ಲ, ಕತೆ ಕೇಳುತ್ತ ಬಂದ ನೀವೂ ಗಮನಿಸಿರಲಿಕ್ಕಿಲ್ಲ, ಹಾಗಾಗಿ ನಮ್ಮನ್ನು ನೋಡಿ ನಗಬೇಡಿ.

"ಹಾಗಾದ್ರೆ ಕುರ್ಚಿ ಮೇಲಿದ್ದದ್ದು?"

"ನನ್ನ ದಿಂಬಿನ ಕವರು. ಬಸ್ಸಿಗೆ ಹೋಗೋ ಮುಂಚೆ ನಾನೇ ಹೊದೆಸಿದ್ದು." ಅವಳು ಕುರ್ಚಿಯ ಕೈ ಮುಟ್ಟಿದಳು. "ಅಪ್ಪ ಕಡೇ ದಿನಗಳಲ್ಲಿ ಹೇಳಿದ್ರು, ಈ ಕುರ್ಚಿ ಯಾರಿಗಾದ್ರೂ ಏಳೋಕೆ ಆಗದೆ ಇದ್ದೋರಿಗೆ ಕೊಡು ಅಂತ. ಮನಸ್ಸೇ ಬರ್ತಿರಲಿಲ್ಲ. ಹೋದ ವಾರ ಆಯಮ್ಮ ಕೈ ಇರೋ ಕುರ್ಚಿ ಕೇಳ್ತಿದ್ದಾರೆ ಅಂತ ಗೊತ್ತಾಯ್ತು. ಇಂಥೋರಿಗೇ ಕೊಡಿ ಅನ್ನೋ ಹಾಗಿಲ್ಲ, ನಿಮಗೆ ಹೇಳೋ ಹಾಗೂ ಇಲ್ಲ. ನೀವೇ ಬರೆದ ನಿಯಮ. ಬೇರೆ ಯಾರೂ ಕುರ್ಚಿ ಕೇಳೋರಿಲ್ಲ ಅಂತ ಖಾತ್ರಿ ಮಾಡ್ಕೊಂಡು ಇಟ್ಟು ಹೋದೆ. ಯಾರು ಬಂದು ಕಿತ್ಕೊಂಡ್ರು?"

ನಿಯಮಣ್ಣ ನೆಲ ನೋಡಿದ. ನೋಡಲು ಬೇರೆ ಏನೂ ಇರಲಿಲ್ಲ.

"ಈಗಲೇ ಕೊಟ್ಟು ಬರ್ತೀನಿ," ಎಂದು ಗೊಣಗಿದ. ಗೊಣಗಿದ ಮೇಲೆ ನಿಯಮ ನೆನಪಾಯಿತು. ವರ್ಷ ತುಂಬುವವರೆಗೆ ಆ ಕುರ್ಚಿ ಆ ಮನೆ ಬಿಟ್ಟು ಹೋಗುವ ಹಾಗಿಲ್ಲ.

"ಕುರ್ಚಿ ಹೋಗೋ ಹಾಗಿಲ್ಲ ತಾನೆ? ಆಯಮ್ಮ ಬರೋಕೆ ಯಾವ ನಿಯಮ ಅಡ್ಡ ಇದೆ?" ಎಂದು ಅವಳು ಕೈಚೀಲವನ್ನು ಗಂಡನ ಕೈಗೆ ತುರುಕಿ ಹೊರಟೇಬಿಟ್ಟಳು. ಅಂದು ತನ್ನನ್ನು ಹೊತ್ತುಕೊಂಡು ಹೋದವಳನ್ನು ಇಂದು ತಾನೇ ತೋಳು ಕೊಟ್ಟು, ಹೆಜ್ಜೆ ಹೆಜ್ಜೆಗೂ ನಿಂತು ಕರೆತಂದಳು. ಆಯಮ್ಮ ಕುರ್ಚಿಯ ಎರಡೂ ಕೈ ಹಿಡಿದು, ಮೆಲ್ಲಗೆ ಇಳಿದು ಕೂತಳು. ಕಿರ್ ಎಂಬ ಸದ್ದು ಖಾಲಿ ಮನೆಯಲ್ಲಿ ನಾಲ್ಕು ಸಲ ಕೇಳಿಸಿತು.

"ಆಗ್ಲೇ ಹೇಳ್ಬಾರದಾಗಿತ್ತಾ ಆಯಮ್ಮ, ಇದು ನಮ್ಮದು ಅಂತ?" ಎಂದಳು, ಬೆಳಗಿನದನ್ನೆಲ್ಲ ದಾರಿಯಲ್ಲೇ ಕೇಳಿಕೊಂಡು ಬಂದಿದ್ದ ಹೆಂಡತಿ.

"ಕೊಟ್ಟೋರ ಹೆಸರು ಹೇಳೋ ಹಾಗಿಲ್ವಲ್ಲ ಮಗಳೇ. ಅಳಿಯಂದಿರು ಬರೆದದ್ದು." ಮುದುಕಿಯ ಬೆರಳು ಹಲ್ಲಿನ ಗುರುತಿನ ಮೇಲೆ ನಿಂತಿತ್ತು. "ಬಾಯಿ ಬಿಡಿಸೋಕೆ ಎಷ್ಟು ಪಾಡು ಪಟ್ಟೆ ಗೊತ್ತಾ? ನೀನು ಕುರ್ಚಿ ಬಿಟ್ಟು ನನ್ನ ಕೈ ಕಚ್ಚಿದೆ. ನೋಡು, ಇಲ್ಲಿ."

ಇಬ್ಬರೂ ನಕ್ಕರು. ಒಬ್ಬಳು ಕುರ್ಚಿಯಲ್ಲಿ, ಒಬ್ಬಳು ಅದರ ಕಾಲ ಬಳಿ, ಶಾಲೆಗೆ ಹೋಗದ ಮಗುವಿನಂತೆ.

ನಿಯಮಣ್ಣನಿಗೆ ಅಲ್ಲಿ ಕೂರಲು ಜಾಗವಿರಲಿಲ್ಲ, ನಿಲ್ಲಲು ಮುಖವಿರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದ. ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಟವೆಲ್ಲನ್ನು ಬಿಚ್ಚಿ ತಲೆಯ ಮೇಲೆ ಹೊದ್ದು ಕೂತ. ಬಿಸಿಲೂ ತಪ್ಪಿತು, ಬೀದಿಯವರ ನಗುವೂ ಕಾಣದಾಯಿತು.

ತಿರುವಿನಲ್ಲಿ ಒಂದು ಸೀಟಿ. ಗಾಡಿ ಮಂಚಕ್ಕೆ ಬಂತು. ಬೀದಿಯವರು ಎತ್ತಿಕೊಟ್ಟರು. ಕಂಡಕ್ಟರ್ ಹೊರಡಬೇಕೆಂದವನು ಈ ಕಡೆ ತಿರುಗಿ ನೋಡಿದ. ನಿಂತ. ನಿಲ್ಲುವ ಸೀಟಿ ಊದಿದ.

"ಅಮ್ಮಾ," ಎಂದು ಒಳಗೆ ಕೂಗಿದ. "ಇದೂನಾ?"

ಅವಳು ಕುರ್ಚಿಯ ಪಕ್ಕದಿಂದ ಕತ್ತು ಚಾಚಿ ನೋಡಿದಳು. ಮನೆ ಮುಂದೆ ಒಂದು ಆಕೃತಿ. ಅದರ ಮೇಲೊಂದು ಬಿಳಿ ಬಟ್ಟೆ. ಅಷ್ಟೇನೂ ಬಿಳಿಯಲ್ಲ, ಆದರೂ ನಿಯಮಕ್ಕೆ ಸಾಕು.

"ನಿಯಮ ಅಂದ್ಮೇಲೆ ನಿಯಮ ಕಣಪ್ಪ," ಎಂದಳು. "ತಗೊಂಡು ಹೋಗು."

ಟವೆಲ್ಲಿನೊಳಗಿನಿಂದ ಏನೋ ಅಸ್ಪಷ್ಟವಾಗಿ ಕೇಳಿಸಿತು. 'ತಪ್ಪಿ' ಎಂದು ಶುರುವಾದ ಹಾಗಿತ್ತು. ಅಷ್ಟರಲ್ಲಿ ದರ್ಜಿ ಒಂದು ಕಡೆಯಿಂದ, ಹಾಲಿನವನು ಇನ್ನೊಂದು ಕಡೆಯಿಂದ ಕೈ ಹಾಕಿ ಎತ್ತಿಯಾಗಿತ್ತು. ಗಾಡಿಯ ಮೇಲೆ ಹೇಗೂ ಅವನದೇ ಮಂಚ. ಅದರ ಮೇಲೆ ಕೂರಿಸಿದರು. ಕಂಡಕ್ಟರ್ ಹೊರಡುವ ಸೀಟಿ ಎರಡು ಊದಿದ.

ಯಾರೂ ಧನ್ಯವಾದ ಹೇಳಲಿಲ್ಲ. ಹೇಳುವ ಹಾಗಿರಲಿಲ್ಲ.